ಹಿಂಡುವ ಬಟ್ಟೆ

ನಾನು ಒಂದು ಸೋಸುವ ಬಟ್ಟೆ. ಹುಟ್ಟುವಾಗ ಪಂಚೆಯಾಗಿ ಹುಟ್ಟಿದವನು, ಅದೂ ಮೇಲುಕೋಟೆಯ ಕೈಮಗ್ಗದಲ್ಲಿ. ಈಗ ನೋಡಿದವರು ನನ್ನನ್ನು ಮಸಿಬಟ್ಟೆ ಅಂದುಕೊಂಡರೂ ಅಂದುಕೊಳ್ಳಬಹುದು. ಆದರೆ ನನ್ನ ಒಂದು ಮೂಲೆಯಲ್ಲಿ ಹಸಿರಂಚಿನ ತುಂಡೊಂದು ಇವತ್ತಿಗೂ ಉಳಿದಿದೆ. ಒಳ್ಳೆಯ ಮನೆತನದವನು ಅಂತ ಹೇಳಿಕೊಳ್ಳಲು ನನಗೆ ಅಷ್ಟು ಸಾಕು.

ನನ್ನನ್ನು ಮೊದಲು ಉಟ್ಟವರು ಮಂಡ್ಯ ಕಡೆಯ ಚೆನ್ನಾಜಮ್ಮನವರ ಯಜಮಾನರು. ಮದುವೆ, ಬೀಗರೂಟ ಎಲ್ಲಕ್ಕೂ ನಾನೇ ಬೇಕು. ಒಂದು ದಿನ ಅವರು ಸೈಕಲ್ ತುಳಿಯುವಾಗ ನಾನು ಚೈನಿಗೆ ಸಿಕ್ಕಿಕೊಂಡೆ. ಅವರು ಬಿದ್ದರು, ನಾನು ಹರಿದೆ. ಮನೆಗೆ ಬಂದಾಗ ಚೆನ್ನಾಜಮ್ಮ ಮೊದಲು ನನ್ನನ್ನು ನೋಡಿ, ಆಮೇಲೆ ಗಂಡನ ತರಚಿದ ಮಂಡಿ ನೋಡಿದರು. ಗಟ್ಟಿಯಿದ್ದ ಭಾಗವನ್ನು ಚೌಕಾಕಾರಕ್ಕೆ ಕತ್ತರಿಸಿ, ಸುತ್ತಲೂ ಮಡಿಸಿ ಹೊಲಿದು ಅಡುಗೆಮನೆಗೆ ತಂದರು. ಹರಿದ ಮೇಲೆಯೇ ನನ್ನ ನಿಜವಾದ ಬಾಳು ಶುರುವಾಯಿತು ಅನ್ನಬೇಕು.

ಪಂಚೆಗೆ ಊರೆಲ್ಲ ಕಾಣುತ್ತದೆ. ಸೋಸುವ ಬಟ್ಟೆಗೆ ಕಾಣುವುದು ಕೈ ಮಾತ್ರ. ಚೆನ್ನಾಜಮ್ಮನವರ ಕೈಯನ್ನು ನಾನು ಬಲ್ಲಷ್ಟು ಅವರ ಯಜಮಾನರೂ ಬಲ್ಲವರಲ್ಲ. ನೆನೆದ ರಾಗಿಯನ್ನು ನನ್ನಲ್ಲಿ ಗಂಟು ಕಟ್ಟಿ ಮೊಳಕೆ ಬರಿಸುತ್ತಿದ್ದರು. ಆ ಮೊಳಕೆಯನ್ನು ಒಣಗಿಸಿ, ಹುರಿದು, ಬೀಸಿ, ಮತ್ತೆ ನನ್ನಲ್ಲೇ ಸೋಸಿ ಎಳೆಮಕ್ಕಳಿಗೆ ಸರಿಹಿಟ್ಟು ಮಾಡುತ್ತಿದ್ದರು. ಬೀದಿಯಲ್ಲಿ ಯಾರ ಮನೆಯಲ್ಲಿ ಬಾಣಂತಿಯಿದ್ದರೂ ರಾಗಿ ಇವರ ಮನೆಗೇ ಬರುತ್ತಿತ್ತು. ಹಬ್ಬಕ್ಕೆ ರಾಗಿಹಾಲಿನ ಸಿಹಿ ಹಾಲುಬಾಯಿ ಮಾಡುವ ದಿನ ಮಾತ್ರ ನನಗೆ ಗ್ರಹಚಾರ. ರುಬ್ಬಿದ ರಾಗಿಯನ್ನು ನನ್ನೊಳಗೆ ಸುರಿದು, ಕತ್ತು ತಿರುಚಿ, ಹಾಲಿನ ಕೊನೇ ಹನಿ ಇಳಿಯುವ ತನಕ ಹಿಂಡುತ್ತಿದ್ದರು.

"ಒಂದ್ ಹನಿ ಬಿಟ್ರೂ ಕಾಳಿನ ಶಾಪ ತಟ್ತದೆ ಕಣ್ರವ್ವ" ಎನ್ನುವರು. ಅವರು ಹಿಂಡಿದ ಮೇಲೆ ಉಳಿಯುವ ಹಿಪ್ಪೆಯನ್ನು ಗಾಳಿಗೆ ಹಿಡಿದರೆ ಹಾರಿಹೋಗುತ್ತಿತ್ತು. ನನಗೆ ನೋವಾಗುತ್ತಿತ್ತು, ನಿಜ. ಹೆಮ್ಮೆಯೂ ಆಗುತ್ತಿತ್ತು.

ಯಜಮಾನರು ತೀರಿಕೊಂಡ ಮೇಲೆ ಚೆನ್ನಾಜಮ್ಮ ಮಗಳು ಪ್ರಭಾಮಣಿಯ ಮನೆಗೆ, ಮೈಸೂರಿಗೆ ಬಂದರು. ಟ್ರಂಕಿನಲ್ಲಿ ನಾನೂ ಬಂದೆ. ಅಷ್ಟು ಹೊತ್ತಿಗೆ ಅವರ ಬೆರಳ ಗಂಟುಗಳು ಊದಿಕೊಳ್ಳತೊಡಗಿದ್ದವು. ಗೌರಿಹಬ್ಬದ ದಿನ ಹಾಲುಬಾಯಿಗೆಂದು ನನ್ನನ್ನು ತಿರುಚಿದರು. ಹಾಲು ಬರಲಿಲ್ಲ. ಹಲ್ಲು ಕಚ್ಚಿ ಇನ್ನೊಮ್ಮೆ ತಿರುಚಿದರು. ಆ ಕೈ ನಡುಗಿದ್ದನ್ನು ಮನೆಯಲ್ಲಿ ಯಾರೂ ನೋಡಲಿಲ್ಲ, ನನಗೆ ಮಾತ್ರ ತಿಳಿಯಿತು.

"ಬಿಡವ್ವ, ನಾನು ಹಿಂಡ್ತೀನಿ" ಎಂದು ಪ್ರಭಾಮಣಿ ನನ್ನನ್ನು ತೆಗೆದುಕೊಂಡಳು. ಅವಳು ಹೇಳಿದ್ದು ಪ್ರೀತಿಯಿಂದಲೇ. ಆದರೆ ಅವತ್ತಿನಿಂದ ಎಲ್ಲದಕ್ಕೂ "ಬಿಡವ್ವ" ಬಂತು. ತೆಂಗಿನಕಾಯಿ ತುರಿಯಲು ಹೋದರೆ ಬಿಡವ್ವ, ಮುದ್ದೆ ತಿರುವಲು ಹೋದರೆ ಬಿಡವ್ವ. ಚೆನ್ನಾಜಮ್ಮ ಒಂದೊಂದನ್ನೇ ಬಿಟ್ಟು, ಕೊನೆಗೆ ಹಿತ್ತಿಲ ಬಾಗಿಲಲ್ಲಿ ಕೂತು ಕಾಗೆ ಎಣಿಸತೊಡಗಿದರು. ನಾನು ಅಟ್ಟದ ಡಬ್ಬಿ ಸೇರಿದೆ.

ಅಲ್ಲಿಂದ ನನ್ನನ್ನು ಇಳಿಸಿದವನು ಪ್ರಭಾಮಣಿಯ ಗಂಡ ಹೊನ್ನೇಶ. ಮೋಟಾರು ವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ತಾಮ್ರದ ತಂತಿ ಬಿಗಿದು ಬಿಗಿದು ಅವನ ಕೈ ಇಕ್ಕಳದಂತಾಗಿದೆ. ಯಾರೋ ಗೆಳೆಯನಿಂದ ಮನೆಯಲ್ಲೇ ಬಿಯರ್ ಮಾಡುವ ಹುಚ್ಚು ಹತ್ತಿಸಿಕೊಂಡಿದ್ದ. ಒಡೆದ ಬಾರ್ಲಿಯನ್ನು ನನ್ನಲ್ಲಿ ಕಟ್ಟಿ ದೊಡ್ಡ ಪಾತ್ರೆಯ ಬಿಸಿನೀರಿನಲ್ಲಿ ಇಳಿಬಿಟ್ಟ. ನೀರು ಕುದಿಯಬಾರದು, ಬೆರಳಿಟ್ಟರೆ ಚುರ್ ಎನ್ನಬೇಕು, ಅಷ್ಟೇ. ಕಾಳಿನ ಸಿಹಿ ನೀರಿಗೆ ಇಳಿದ ಮೇಲೆ ನನ್ನನ್ನು ಮೇಲೆತ್ತಿ, ಇನ್ನಷ್ಟು ಬಿಸಿನೀರು ಹುಯ್ದು ಕಾಳು ತೊಳೆದು, ಉಳಿದ ಸಿಹಿಯನ್ನೂ ಇಳಿಸಿಕೊಳ್ಳಬೇಕು. "ಹಿಂಡಬೇಡ, ಒಗರಾಗುತ್ತೆ" ಎಂದು ಗೆಳೆಯ ಮೊದಲೇ ಹೇಳಿದ್ದ. ಕೇಳುವವರು ಯಾರು? ಮದುವೆಯಾದಾಗಿನಿಂದ ಅತ್ತೆ ಕೊನೇ ಹನಿ ಹಿಂಡುವುದನ್ನು ನೋಡಿದ ಅಳಿಯ! ನಾನು ತೊಟ್ಟಿಕ್ಕುತ್ತಿರುವುದು ಕಂಡರೆ ಅವನ ಕೈ ಸುಮ್ಮನಿರಲಿಲ್ಲ. ಅವನ ಹಿಡಿತಕ್ಕೆ ನನ್ನ ಎಳೆಗಳು ಚಟಚಟ ಎಂದವು. ಬಿಯರ್ ಎಳೆ ಬಾಳೆಕಾಯಿಯಷ್ಟು ಒಗರಾಯಿತು. ಎರಡು ಸಲ ಮಾಡಿದ್ದೂ ಸಪೋಟ ಗಿಡದ ಬುಡ ಸೇರಿತು.

ಎರಡನೇ ಸಲ ಅವನು ನನ್ನನ್ನು ತೊಳೆದು ಹಿತ್ತಿಲ ತಂತಿಗೆ ಹಾಕಿದ್ದಾಗ ಚೆನ್ನಾಜಮ್ಮ ಹಸಿರಂಚು ಗುರುತು ಹಿಡಿದರು. ಮೂಗಿಗೆ ಹಿಡಿದು ನೋಡಿದರು.

"ಪ್ರಭಾ! ಯಾವನೇ ಅವನು, ನನ್ನ ಬಟ್ಟೇಲಿ ಹೆಂಡ ಕಾಯ್ಸಿರೋನು?"

"ಯಾವನು ಅಂದ್ರೆ? ನಿನ್ನ ಅಳಿಯನೇ ಕಣವ್ವ!"

ಚೆನ್ನಾಜಮ್ಮ ನಾಲಿಗೆ ಕಚ್ಚಿಕೊಂಡರು. ಹೊನ್ನೇಶ ತಲೆ ಕೆರೆಯುತ್ತಾ ಬಂದು ಬಾರ್ಲಿಯ ಚೀಲ ತೋರಿಸಿದ. ಅವರು ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಅಗಿದರು.

"ಇದು ಮೊಳಕೆ ಬರ್ಸಿ ಒಣಗ್ಸಿರೋದಲ್ವಾ? ಸರಿಹಿಟ್ಟಿಗೆ ನಾನು ಮಾಡ್ತಿದ್ದದ್ದೂ ಇದೇಯ! ಅಲ್ಲಿಗೆ ಮಗೀಗೂ ಇದೇ, ಅಳಿಯಂದ್ರಿಗೂ ಇದೇ ಅನ್ನಿ."

ಹೊನ್ನೇಶ ನಕ್ಕ. ಆಮೇಲೆ ಒಗರಿನ ಕಥೆ ಹೇಳಿದ. "ಸೌಟು ಸೌಟಾಗಿ ನೀರು ಹುಯ್ದು, ತಾನಾಗೇ ಇಳಿಯೋಕೆ ಬಿಡ್ಬೇಕು ಅತ್ತೆ. ನನ್ನ ಕೈ ಕೇಳಲ್ಲ, ಹಿಂಡ್ಬಿಡ್ತದೆ. ಮುಂದಿನ ಸಲ ನೀವು ಕೂತ್ಕೊಳ್ತೀರಾ?"

ಚೆನ್ನಾಜಮ್ಮ ತಮ್ಮ ಬೆರಳು ನೋಡಿಕೊಂಡರು. "ಹಿಂಡೋಕಾಗ್ದೋಳು ಅಂತ ಕನಿಕರಕ್ಕೆ ಕರೀತಿದ್ದೀರಾ?"

"ಕನಿಕರ ಪಡೋಕೆ ನಂಗೆಲ್ಲಿ ಪುರುಸೊತ್ತು ಅತ್ತೆ? ಮೂರನೇ ಸಲಾನೂ ಗಿಡಕ್ಕೆ ಹುಯ್ದರೆ ನಿಮ್ಮ ಮಗಳು ಪಾತ್ರೆ ಸಮೇತ ನನ್ನ ಆಚೆ ಹಾಕ್ತಾಳೆ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಸಾಕ್ಷಿ ಬೇಕಿದ್ದರೆ ನನ್ನ ಹರಿದ ಎಳೆಗಳನ್ನು ನೋಡಬಹುದಿತ್ತು.

ಮುಂದಿನ ಭಾನುವಾರ ನೆನೆದ ಬಾರ್ಲಿ ಹೊತ್ತ ನನ್ನನ್ನು ಕೊಕ್ಕೆಗೆ ತೂಗುಹಾಕಿ, ಕೆಳಗೆ ಪಾತ್ರೆ ಇಟ್ಟರು. ಚೆನ್ನಾಜಮ್ಮ ಸ್ಟೂಲಿನ ಮೇಲೆ ಕೂತು ಸೌಟು ಹಿಡಿದರು. ಒಂದು ಸೌಟು ಹುಯ್ಯುವುದು, ಇಳಿಯುವ ತನಕ ಕಾಯುವುದು, ಮತ್ತೊಂದು ಹುಯ್ಯುವುದು. ಮಗುವಿಗೆ ಎಣ್ಣೆನೀರು ಎರೆದಂತೆ ಎರೆದರು. ಬೆಳಗ್ಗೆಯೆಲ್ಲ ಅದೇ ಆಯಿತು.

ಕೊನೆಗೆ ಹನಿ ನಿಧಾನವಾಯಿತು. ಒಳಗೆ ಇನ್ನೂ ಸಿಹಿಯಿದೆ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಹಳೇ ಅಭ್ಯಾಸ ನೋಡಿ, ಕೈ ತಾನಾಗಿ ಮೇಲೆ ಬಂದು ನನ್ನ ಕತ್ತು ಹಿಡಿಯಿತು. ನನಗೆ ಜೀವ ಬಾಯಿಗೆ ಬಂತು. ಅವರು ಹಿಂಡಿಬಿಟ್ಟಾರು ಎಂದಲ್ಲ, ತಿರುಚಿ ಸೋತು ಗೌರಿಹಬ್ಬದ ದಿನದಂತೆ ಮತ್ತೆ ನಡುಗಿಯಾರು ಎಂದು. ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ತಾನೇ ಸಡಿಲವಾಯಿತು.

"ಇರ್ಲಿ. ಈ ಹನಿ ಕಾಳಿಗೇ ಇರ್ಲಿ" ಎಂದರು ಚೆನ್ನಾಜಮ್ಮ.

ಅಷ್ಟರಲ್ಲಿ ಪ್ರಭಾಮಣಿ ಗಡಿಬಿಡಿಯಲ್ಲಿ ಬಂದಳು. ಅವಳ ಸಾರಿಗೆ ಒಲೆ ಬೇಕಿತ್ತು, ಒಲೆಯ ಮೇಲೆ ಇನ್ನೂ ಬಿಸಿನೀರಿನ ಪಾತ್ರೆಯೇ ಕೂತಿತ್ತು. "ಇನ್ನೂ ಎಷ್ಟೊತ್ತವ್ವ? ಬಿಡವ್ವ, ನಾನು ಹಿಂಡ್ತೀನಿ" ಎಂದು ನನಗೆ ಕೈ ಹಾಕಿದಳು.

ಚೆನ್ನಾಜಮ್ಮ ಸೌಟಿನಿಂದ ಅವಳ ಮಣಿಕಟ್ಟಿಗೆ ಪಟ್ಟನೆ ಒಂದು ಕೊಟ್ಟರು. "ಕೈ ತೆಗಿಯೇ! ನಿಂಗೆ ಬರಲ್ಲ. ಇದು ನನ್ನ ಕೆಲಸ."

ಪ್ರಭಾಮಣಿ ಅವ್ವನ ಮುಖ ನೋಡಿದಳು. ಗೌರಿಹಬ್ಬದ ದಿನ ಅವಳು ನೋಡಿರಲಿಲ್ಲ, ಈ ಸಲ ನೋಡಿದಳು. ಮಣೆ ಎಳೆದುಕೊಂಡು ಪಕ್ಕದಲ್ಲಿ ಕೂತಳು. ಸಾರು ತಡವಾಯಿತು.

ಬಿಯರ್ ಹದಕ್ಕೆ ಬಂದ ದಿನ ಹೊನ್ನೇಶ ಅತ್ತೆಗೆ ಒಂದು ಚಮಚ ಕೊಟ್ಟ. "ಥೂ, ಬೇವಿನ ಕಷಾಯ!" ಎಂದು ಮುಖ ಕಿವುಚಿದರು. ಆಮೇಲೆ ತುಟಿ ಒರೆಸಿಕೊಂಡು, "ಒಗರಿಲ್ಲ ಬಿಡಿ" ಎಂದರು.

ಈಗ ನನಗೂ ವಯಸ್ಸಾಗಿದೆ. ನಡುವೆ ತೂತು ಬಿದ್ದಿತ್ತು, ಪ್ರಭಾಮಣಿ ತೇಪೆ ಹಾಕಿದ್ದಾಳೆ. ಹೊಸ ಬಟ್ಟೆ ತರುತ್ತೇನೆಂದು ಹೊನ್ನೇಶ ಎರಡು ಸಲ ಹೇಳಿದ, ಅತ್ತೆ ಒಪ್ಪಿಲ್ಲ. ಕೊಕ್ಕೆಯಲ್ಲಿ ತೂಗಿಕೊಂಡು ಹಳೆಯದನ್ನೆಲ್ಲ ನೆನೆಯುತ್ತೇನೆ. ಗಟ್ಟಿ ಕೈಯಿದ್ದಾಗ ಹಿಂಡಿದರು, ಅದೂ ಸರಿಯೇ. ಈಗ ಹಿಂಡುವುದಿಲ್ಲ, ಇದೂ ಸರಿ. ಕಾಳು ತೊಳೆಯುವುದು ಮುಗಿದ ಮೇಲೆ ಚೆನ್ನಾಜಮ್ಮ ಊದಿದ ಬೆರಳುಗಳಲ್ಲಿ ನನ್ನನ್ನು ತಬ್ಬಿ ಹಿಡಿದುಕೊಳ್ಳುತ್ತಾರೆ. ನನ್ನ ಬಿಸಿ ಅವರ ಗಂಟುಗಳಿಗೆ ಹಿತವಂತೆ. ನಾನು ತಣ್ಣಗಾಗುವ ತನಕ ಅವರು ಕೈ ಬಿಡುವುದಿಲ್ಲ.