ಬೀಗಿತ್ತಿಯ ತುಟಿ

ನಿಯಾಂಡರ್ತಲ್ ಹೆಂಗಸು ನಗಬೇಕು ಎಂದು ಮ್ಯೂಸಿಯಂ ಅಧಿಕಾರಿ ಬೆಳಿಗ್ಗೆ ಹತ್ತಕ್ಕೇ ಅಪ್ಪಣೆ ಕೊಟ್ಟರು. ನಾಳೆ ಶಾಲೆ ಮಕ್ಕಳು ಬರುತ್ತಾರೆ, ಈಯಮ್ಮ ಹೀಗೆ ನೋಡಿದರೆ ಹೆದರಿ ಅಳುತ್ತಾರೆ ಎಂಬುದು ಅವರ ವಾದ.

"ತುಟಿ ಸ್ವಲ್ಪ ಮೇಲೆತ್ತಿ ಮೇಡಂ. ನಕ್ರೆ ಅವಳ ಗಂಟೇನು ಹೋಗುತ್ತೆ?"

ಮಾದರಿ ಮಾಡುವವಳು ತಾನು ಮಾಡುತ್ತಿದ್ದ ಮೇಣದ ಮುಖದತ್ತ ತಿರುಗಿದಳು. ಹುಬ್ಬಿನ ದಿಂಡು, ಅಗಲ ಮೂಗು, ಇಲ್ಲದ ಗದ್ದ, ಇವನ್ನೆಲ್ಲ ತಲೆಬುರುಡೆಯೇ ಹೇಳುತ್ತದೆ. ತುಟಿಯ ಕೊನೆ ಮೇಲಿತ್ತೋ ಕೆಳಗಿತ್ತೋ ಎಂದು ಯಾವ ಮೂಳೆಯೂ ಹೇಳುವುದಿಲ್ಲ. ಮೂಳೆ ಹೇಳದ್ದನ್ನು ಮಾಡುವಾಗ ಅವಳದೊಂದು ರೂಢಿ: ಎಡಗೈಯಿಂದ ತನ್ನ ಮುಖ ಮುಟ್ಟಿ ನೋಡುವುದು, ಬಲಗೈಯಿಂದ ಮೇಣ ತಿದ್ದುವುದು. ಇಪ್ಪತ್ತೆರಡು ವರ್ಷದಿಂದ ಅವಳು ಮಾಡಿದ ಆದಿಮಾನವರಿಗೆಲ್ಲ ಅವಳದೇ ಕಿವಿ. ಯಾರೂ ಕೇಳಿರಲಿಲ್ಲ.

ಈ ಸಲ ಮಾತ್ರ ಮೇಣದಲ್ಲಿ ಮೂಡಿದ್ದು ಅವಳ ಅಮ್ಮ. ಐವತ್ತೆರಡರ ಹೊತ್ತಿಗೆ ತನ್ನ ಮುಖ ಅಮ್ಮನದಾಗಿದ್ದು ಅವಳಿಗೇ ಗೊತ್ತಾಗಿರಲಿಲ್ಲ. ಅದೂ ಎಂಥ ಅಮ್ಮ! 'ಹೌದಾ? ಆಮೇಲೆ?' ಎಂದು ಯಾರ ಮಾತನ್ನೂ ನಂಬದೆ ನಿಂತ ಅಮ್ಮ. ಅಮ್ಮ ಹೋಗಿ ಹದಿನಾಲ್ಕು ತಿಂಗಳು. ಮನೆಯಲ್ಲಿರುವ ಫೋಟೋಗಳಲ್ಲೆಲ್ಲ ನಗುತ್ತಿದ್ದಾಳೆ, ತೆಗೆಯುವವರು ನಗಿ ಅಂದಿದ್ದಕ್ಕೆ. ಈ ಮುಖ ಇನ್ನೆಲ್ಲೂ ಇಲ್ಲ.

"ಕನ್ನಡಕ ಮನೇಲಿ ಮರೆತೆ ಸಾರ್. ಅದಿಲ್ದೆ ತುಟಿ ಮುಟ್ಟೋ ಹಾಗಿಲ್ಲ."

ಅಧಿಕಾರಿ ಅವಳ ಮನೆಗೆ ಫೋನ್ ಮಾಡಿಯೇಬಿಟ್ಟರು. ಹನ್ನೆರಡಕ್ಕೆ ಅವಳ ಅತ್ತೆ ಕನ್ನಡಕ ಹಿಡಿದು ಬಂದರು. ಬಂದವರು ಮೇಣದ ಮುಖ ಕಂಡು ಬಾಗಿಲಲ್ಲೇ ನಿಂತು ಬೆನ್ನು ನೆಟ್ಟಗೆ ಮಾಡಿಕೊಂಡರು.

"ಏನ್ರೀ ಬೀಗಿತ್ತಿ, ಇಲ್ಲಿಗೂ ಬಂದ್ರಾ?"

ಅತ್ತೆಗೂ ಅಮ್ಮನಿಗೂ ಇಪ್ಪತ್ತಾರು ವರ್ಷ ಎಣ್ಣೆ-ಸೀಗೇಕಾಯಿ. ಹುಬ್ಬಿನ ದಿಂಡನ್ನು ಅತ್ತೆ ಗಮನಿಸಲೇ ಇಲ್ಲ.

"ಇದು ಐವತ್ತು ಸಾವಿರ ವರ್ಷದ ಹಿಂದಿನ ಹೆಂಗಸಮ್ಮ," ಎಂದರು ಅಧಿಕಾರಿ. "ನಮಗೆ ದೂರದ ನೆಂಟರು. ವಂಶ ಅಳಿದುಹೋಗಿದೆ."

"ದೂರದ ನೆಂಟರಾ? ನನ್ನ ಮಗನ ಮದುವೇಲಿ ಮುಂದಿನ ಸಾಲಲ್ಲೇ ಕೂತಿದ್ರು."

ಅತ್ತೆ ಸ್ಟೂಲ್ ಎಳೆದುಕೊಂಡು ಮೇಣದ ಎದುರು ಕೂತರು. "'ನನ್ನ ಮಗಳಿಗೆ ನಿಮ್ಮನೇಲಿ ಮಾತಾಡೋರೇ ಇಲ್ಲ' ಅಂದ್ರಲ್ಲ ನೀವು ಅವತ್ತು, ನಾನೇನು ಗೋಡೆನಾ?"

ಮೇಣ ಅವರನ್ನೇ ನೋಡಿತು: ಹೌದಾ? ಆಮೇಲೆ?

ಅಷ್ಟು ಸಾಕಾಯಿತು. ಅತ್ತೆ ಹಳೆಯದನ್ನೆಲ್ಲ ಒಂದೊಂದಾಗಿ ಬಿಚ್ಚಿದರು. ಅಧಿಕಾರಿ ಗಡಿಯಾರ ನೋಡಿದರು. ಅವರು ಕಂಡಂತೆ ಜನ ಒಂದು ಮಾದರಿಯ ಮುಂದೆ ಅರ್ಧ ನಿಮಿಷ ನಿಂತರೆ ಹೆಚ್ಚು. ಇಲ್ಲಿ ಇಪ್ಪತ್ತು ನಿಮಿಷವಾಗಿತ್ತು.

"ಇವರನ್ನ ನಗಿಸೋಣ ಅಂತಿದ್ದೀವಿ ಅಮ್ಮ," ಎಂದರು. ಬೆಳಗಿನ ಬಿಗಿ ದನಿಯಲ್ಲಿರಲಿಲ್ಲ.

"ನಗಿಸ್ತೀರಾ? ಆಮೇಲೆ ನಾನು ಯಾರ ಹತ್ರ ಜಗಳ ಆಡ್ಲಿ?"

ಅಧಿಕಾರಿ ಇಬ್ಬರು ಹೆಂಗಸರನ್ನೂ, ಮೇಣದವಳನ್ನೂ ಸೇರಿಸಿ ಮೂವರನ್ನೂ ನೋಡಿದರು. "ಇರ್ಲಿ ಬಿಡಿ ಮೇಡಂ," ಎಂದು ಹೊರಟುಹೋದರು.

ಅತ್ತೆ ಕನ್ನಡಕವನ್ನು ಸೊಸೆಯ ಕೈಗಿಟ್ಟು ಬೀಗಿತ್ತಿಯನ್ನು ಇನ್ನೊಮ್ಮೆ ದಿಟ್ಟಿಸಿದರು.

"ಕೂದಲು ಮಾತ್ರ ಇಷ್ಟು ದಟ್ಟ ಇರ್ಲಿಲ್ಲ ಕಣೇ. ಬೈತಲೆ ಎಡಕ್ಕೆ ಬೋಳಾಗಿತ್ತು."

ಆಗಿತ್ತು. ಮಗಳಿಗೇ ಅದು ಮರೆತುಹೋಗಿತ್ತು. ಅವಳು ಕನ್ನಡಕ ಹಾಕಿಕೊಂಡು, ಚಿಮಟ ತಗೊಂಡು, ಅತ್ತೆ ಬೆರಳಿಟ್ಟ ಕಡೆ ಒಂದೊಂದೇ ಕೂದಲು ಕೀಳತೊಡಗಿದಳು.

"ಸಾಕಾ ಅತ್ತೆ?"

"ಇನ್ನೆರಡು."