ಜವಳದ ಅಂಗಿ

ಅಸೂಟಿಯ ಗೋಣೆಪ್ಪನಿಗೆ ಎರಡು ವರ್ಷದಿಂದ ಒಂದೇ ಚಿಂತೆ. ತಂಗಿ ಗೌರವ್ವನನ್ನು ನಾಗರಪಂಚಮಿಗೆ ತವರಿಗೆ ಕರೆತರಬೇಕು. ಆದರೆ ಗಜೇಂದ್ರಗಡದಲ್ಲಿರುವ ಅವಳ ಅತ್ತೆ ರೇಣುಕವ್ವ ಕಳಿಸಲೊಲ್ಲಳು.

ಇದಕ್ಕೆ ಕಾರಣ ಗೋಣೆಪ್ಪನೇ ಎಂದರೆ ತಪ್ಪಲ್ಲ. ಮೊಮ್ಮಗನ ತೊಟ್ಟಿಲ ಕಾರ್ಯಕ್ಕೆ ಅಸೂಟಿಗೆ ಬಂದಿದ್ದ ರೇಣುಕವ್ವ, ಅವನು ಉಡುಗೊರೆಯಾಗಿ ಕೊಟ್ಟ ಆಯೇರಿ ಸೀರೆಯನ್ನು ಬಾಗಿಲ ಬೆಳಕಿಗೆ ಹಿಡಿದು, ಅದರೊಳಗಿಂದ ಓಣಿಯನ್ನೆಲ್ಲ ನೋಡಿ, "ಬೀಗರ ಮರ್ಯಾದಿ ಭಾಳ ತೆಳ್ಳಗೈತಿ" ಅಂದಿದ್ದಳು. ಸುಮ್ಮನಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಗೋಣೆಪ್ಪನ ಬಾಯಿಗೆ ಮಾತ್ರ ಸುಮ್ಮನಿರುವುದು ಗೊತ್ತಿಲ್ಲ. "ಬ್ಯಾಸಿಗ್ಯಾಗ ತಂಪ ಇರ್ತೈತ್ರಿ" ಅಂದುಬಿಟ್ಟ. ಆಮೇಲೆ ಎರಡು ಪಂಚಮಿ ಬಂದು ಹೋದವು. ಎರಡು ಸಲವೂ ಗೋಣೆಪ್ಪನ ಅವ್ವ ಮಗಳಿಗೆಂದು ಬೇವಿನ ಮರಕ್ಕೆ ಜೋಕಾಲಿ ಕಟ್ಟಿಸಿದಳು, ಯಾರೂ ಆಡದ ಜೋಕಾಲಿಯನ್ನು ಮೂರನೆಯ ದಿನ ಬಿಚ್ಚಿಸಿದಳು. ಅದನ್ನು ನೋಡುವುದು ಗೋಣೆಪ್ಪನಿಂದ ಆಗುತ್ತಿರಲಿಲ್ಲ.

ಈಗ ಕೂಸಿಗೆ ಎರಡು ತುಂಬಿ ಜವಳ ತೆಗೆಸುವ ಕಾಲ ಬಂದಿತ್ತು. ಜವಳವೆಂದರೆ ಸೋದರಮಾವನೇ ಯಜಮಾನ. ತೊಡೆಯ ಮೇಲೆ ಕೂರಿಸಿಕೊಂಡು ಹುಟ್ಟುಗೂದಲು ತೆಗೆಸುವವನೂ ಅವನೇ, ಹೊಸ ಬಟ್ಟೆ ತೊಡಿಸುವವನೂ ಅವನೇ. ದಿನ ಗೊತ್ತು ಮಾಡಲು ಗಜೇಂದ್ರಗಡಕ್ಕೆ ಹೋದಾಗ ಗೋಣೆಪ್ಪ ತಂಗಿಯ ಮಗ ಕಳಕಪ್ಪನನ್ನು ನೋಡಿದ. ಅಂಗಳದ ತುಂಬ ಬತ್ತಲೆ ಓಡುತ್ತಿದ್ದ. ನಡುವಿಗೊಂದು ಉಡದಾರ ಬಿಟ್ಟರೆ ಮೈಮೇಲೆ ಎಳೆ ನೂಲಿಲ್ಲ. ಗೌರವ್ವ ಹಿಡಿದು ಅಂಗಿ ತೊಡಿಸಿದಳು, ಆಕೆ ಬಾಗಿಲು ದಾಟುವುದರೊಳಗೆ ಅದು ತುಳಸಿಕಟ್ಟೆಯ ಮೇಲಿತ್ತು. ಚಡ್ಡಿ ಹಾಕಿದಳು, ಅದು ಎಮ್ಮೆಯ ಕೋಡಿಗೆ ಹೋಯಿತು.

"ನೋಡಪಾ ಗೋಣೆಪ್ಪ" ಅಂದಳು ರೇಣುಕವ್ವ, ಅಡಿಕೆ ಕತ್ತರಿಸುತ್ತ. "ಸೋದರಮಾವನ ಅಂಗಿ ಆರತಿ ಆಗೂತನಾ ಕೂಸಿನ ಮೈಮ್ಯಾಲೆ ಇರಬೇಕು. ನಡುವ ಕಿತ್ತ ಒಗದ್ರ ನಾಕ ಮಂದಿ ನಾಕ ನಮೂನಿ ಮಾತಾಡ್ತಾರ. ಅಂಗಿ ನಿಂತರ ಪಂಚಮಿ ಮಾತು. ನಿಲ್ಲಲಿಲ್ಲಂದ್ರ ನನ್ನ ಮುಂದ ಆ ಮಾತ ತೆಗೀಬ್ಯಾಡ."

ಗೋಣೆಪ್ಪ ಈ ಸಲ ಬಾಯಿ ಮುಚ್ಚಿಕೊಂಡು ಎದ್ದ. ನೆಟ್ಟಗೆ ರೋಣಕ್ಕೆ ಹೋಗಿ ಸಿಂಪಿಗ ಅಲ್ಲಾವುದ್ದೀನನ ಅಂಗಡಿ ಮೆಟ್ಟಿಲು ಹತ್ತಿದ. ಮುಂಬೈ ಸರ್ಕಾರದ ಪೊಲೀಸರಿಗೆ ಚಡ್ಡಿ ಹೊಲಿದ ಕೈ ಅದು. ಯಾವ ಫೌಜದಾರನ ಹೊಟ್ಟೆಗೂ ಅವನ ಗುಂಡಿ ಹರಿದದ್ದಿಲ್ಲ ಎಂದು ತಾಲೂಕಿಗೆಲ್ಲ ಹೆಸರು.

"ಎರಡ ವರ್ಷದ ಹುಡುಗ. ಏನ ಹಾಕಿದ್ರೂ ಕಿತ್ತ ಒಗೀತಾನ."

ಅಲ್ಲಾವುದ್ದೀನ ಟೇಪನ್ನು ಕೊರಳಿಗೆ ಹಾಕಿಕೊಂಡು ಬಹಳ ಹೊತ್ತು ಯೋಚಿಸಿದ. "ಕೂಸಿನ ಕೈ ಎಲ್ಲಿ ಮುಟ್ಟಂಗಿಲ್ಲ?" ಎಂದು ಕೇಳಿ ತಾನೇ ಉತ್ತರ ಹೇಳಿದ, "ಬೆನ್ನಿಗೆ."

ಅಂಗಿ, ಚಡ್ಡಿ ಕೂಡಿಸಿ ಕುತ್ತಿಗೆಯಿಂದ ಮೊಳಕಾಲಿನವರೆಗೆ ಒಂದೇ ಬಟ್ಟೆ ಹೊಲಿದ. ಕೆಂಪು ಮಖಮಲ್ಲು, ಅಂಚಿಗೆ ಜರಿ, ಬೆನ್ನಿಗೆ ಹನ್ನೊಂದು ಗುಂಡಿ, ಗುಂಡಿಯ ಮೇಲೆ ಮುಚ್ಚುವ ಪಟ್ಟಿ, ಅದರ ಮೇಲೆ ಬಿಗಿಯುವ ಲಾಡಿ. ಬೆಳಕಿಗೆ ಹಿಡಿದರೆ ಸೂರ್ಯನೂ ಕಾಣಲಾರ. ಗೋಣೆಪ್ಪ ಎರಡು ಸಲ ಹಿಡಿದು ನೋಡಿ ಸಮಾಧಾನ ಮಾಡಿಕೊಂಡ.

ಕಾರಹುಣ್ಣಿಮೆ ಕಳೆದ ಸೋಮವಾರ ಜವಳ. ಮನೆ ತುಂಬ ಬಂಧು ಬಳಗ. ರೇಣುಕವ್ವ ಗೋಣೆಪ್ಪ ತಂದ ದಪ್ಪ ಇಳಕಲ್ಲ ಸೀರೆ ಉಟ್ಟು ನಡುಮನೆಯಲ್ಲಿ ಕೂತಿದ್ದಳು. ಸೀರೆಯ ಬಗ್ಗೆ ಚಲೋ ಅನ್ನಲಿಲ್ಲ, ಕೆಟ್ಟದ್ದೂ ಅನ್ನಲಿಲ್ಲ. ಕ್ಷೌರದ ದ್ಯಾಮಪ್ಪ ಕೂಸಿನ ತಲೆ ನುಣ್ಣಗೆ ಮಾಡಿದ. ನೀರೆರೆದು ತಂದ ಮೇಲೆ ಗೋಣೆಪ್ಪ ಅಂಗಿ ತೊಡಿಸಿ ಹನ್ನೊಂದು ಗುಂಡಿ ಹಾಕಿದ. ಲಾಡಿಗೆ ಮಾತ್ರ ಮನೆಮಂದಿ ಹಾಕುವ ಗಂಟು ಹಾಕಲಿಲ್ಲ. ಹೋರಿ ಕಟ್ಟುವ ಗಂಟು ಹಾಕಿದ. ಅದು ಎಳೆದಷ್ಟೂ ಬಿಗಿಯುತ್ತದೆ, ಒಕ್ಕಲಿಗನಿಗೆ ಅದರ ಮೇಲೆ ಇರುವ ನಂಬಿಕೆ ದೇವರ ಮೇಲೂ ಇರಲಿಕ್ಕಿಲ್ಲ.

ಕಳಕಪ್ಪ ಅಜ್ಜಿ ರೇಣುಕವ್ವನ ತೊಡೆಯ ಮೇಲೆ ಕೂತು ತನ್ನ ಎದೆಗೆ ಕೈ ಹಾಕಿದ, ಗುಂಡಿ ಸಿಗಲಿಲ್ಲ. ನಡುವಿಗೆ ಕೈ ಹಾಕಿದ, ಲಾಡಿ ಸಿಗಲಿಲ್ಲ. ಮಾವನ ಮುಖ ನೋಡಿದ. ಮಾವ ಬೇರೆ ಕಡೆ ನೋಡಿದ.

"ಏನಂತೀರಿ ರೇಣುಕವ್ವ" ಅಂದಳು ಪಕ್ಕದ ಮನೆಯ ಹೊಳೆವ್ವ. "ನಿಮ್ಮ ಅಂಗಿ ಒಂದೂ ನಿಲ್ಲಲಿಲ್ಲ, ಮಾವನ ಅಂಗಿ ಹ್ಯಾಂಗ ನಿಂತೈತಿ ನೋಡ್ರಿ. ರಕ್ತ ರಕ್ತಕ್ಕ ಗುರತ ಹಿಡೀತೈತಿ."

ಗೋಣೆಪ್ಪನಿಗೆ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು. ಅಡಿಗೆಮನೆಯಲ್ಲಿ ಆರತಿಯ ದೀಪಕ್ಕೆ ಬತ್ತಿ ಹಾಕುತ್ತಿದ್ದರು. ಇನ್ನು ಎರಡು ನಿಮಿಷ ಕಳೆದರೆ ತಂಗಿ ಜೋಕಾಲಿಯ ಮೇಲೆ.

ಅಷ್ಟರಲ್ಲಿ ಕಳಕಪ್ಪ "ಬಿಚ್ಚ" ಅಂದ. ಮತ್ತೊಮ್ಮೆ "ಬಿಚ್ಚ" ಅಂದ. ಕಾಲಿಗೆ ಕಾಲು ಒತ್ತಿ, ಮುಖ ಮಖಮಲ್ಲಿನಷ್ಟೇ ಕೆಂಪಗೆ ಮಾಡಿ ಅಳತೊಡಗಿದ.

ಬಾಗಿಲ ಮರೆಯಲ್ಲಿದ್ದ ಗೌರವ್ವ ಅಣ್ಣನನ್ನು ಸನ್ನೆ ಮಾಡಿ ಕರೆದಳು. "ಅಣ್ಣಾ, ಲಗೂನ ಬಿಚ್ಚ. ಅವಂಗ ಹಿತ್ತಲಕ್ಕ ಹೋಗೂದೈತಿ."

"ಆರತಿ ಆಗಲಿ ತಡೀ."

"ಅವಗೇನ ಆರತಿ ತಿಳೀತೈತಿ? ಅರಬಿ ಹೊಲಸ ಮಾಡಬ್ಯಾಡ, ಕಳದಿಟ್ಟ ಹೋಗು ಅಂತ ಅತ್ತಿ ರೂಢಿ ಮಾಡಿಸ್ಯಾರ. ಅದಕ್ಕ ಅಂಗಿ ಹಾಕೂದ ತಡ ಕಳದ ತಯಾರಾಗಿ ನಿಂದರತಾನ."

ಗೋಣೆಪ್ಪ ಅಲ್ಲೇ ನಿಂತ. ಹದಿನೈದು ದಿನ ತಲೆ ಕೆಡಿಸಿಕೊಂಡ, ರೋಣದವರೆಗೆ ಹೋದ, ಪೊಲೀಸರ ಸಿಂಪಿಗನನ್ನು ಹಿಡಿದ. ಹುಡುಗ ಯಾಕೆ ಬಟ್ಟೆ ಕಳೆಯುತ್ತಾನೆ ಎಂದು ಒಬ್ಬರನ್ನೂ ಕೇಳಿರಲಿಲ್ಲ. ಒಂದು ಕಡೆ ಅವ್ವನ ಜೋಕಾಲಿ. ಇನ್ನೊಂದು ಕಡೆ, ಎರಡು ವರ್ಷದ ಕೂಸು ತನ್ನ ಮಾನ ಕಾಯ್ದುಕೊಳ್ಳಲು ಹಲ್ಲು ಕಚ್ಚಿ ಕೂತಿದೆ. ಅದರ ಕಣ್ಣಲ್ಲಿ ನೀರು ನೋಡಿ ಅವನ ಜೀವ ತಡೆಯಲಿಲ್ಲ.

ಹಾರಿ ಹೋಗಿ ಅಜ್ಜಿಯ ತೊಡೆಯಿಂದ ಕೂಸನ್ನು ಎತ್ತಿಕೊಂಡು ಬೆನ್ನಿಗೆ ಕೈ ಹಾಕಿದ. ಕೂಸು ಜಗ್ಗಿ ಜಗ್ಗಿ ಹೋರಿಯ ಗಂಟು ಕಲ್ಲಾಗಿತ್ತು. ಬೆರಳಿನಿಂದ ಆಗಲಿಲ್ಲ, ಹಲ್ಲಿನಿಂದ ಆಗಲಿಲ್ಲ.

"ದ್ಯಾಮಪ್ಪ, ಕತ್ತಿ ತಾ."

"ಮಖಮಲ್ಲರಿ" ಅಂದ ದ್ಯಾಮಪ್ಪ, ಕೈ ಬರದೆ.

"ಹರಿ ಅಂದ್ರ ಹರಿ."

ಕ್ಷೌರದ ಕತ್ತಿ ಮೇಲಿನಿಂದ ಕೆಳಗೆ ಒಂದೇ ಗೆರೆ ಎಳೆಯಿತು. ಹನ್ನೊಂದು ಗುಂಡಿ ನಡುಮನೆಯ ತುಂಬ ಉರುಳಿದವು. ಕಳಕಪ್ಪ ಮಖಮಲ್ಲಿನಿಂದ ಹೊರಬಿದ್ದವನೇ, ಬೋಳು ತಲೆ ಬರಿ ಮೈಯಲ್ಲಿ ಬಂಧುಗಳ ನಡುವೆ ಹಾದು ಹಿತ್ತಲಿಗೆ ಓಡಿದ. ಗೌರವ್ವ ಚೊಂಬು ಹಿಡಿದು ಹಿಂದೆ ಓಡಿದಳು. ಒಂದು ಹನಿ ಎಲ್ಲೂ ಬಿದ್ದಿರಲಿಲ್ಲ.

ಯಾರೋ ನಕ್ಕರು, ಯಾರೋ ಅಯ್ಯೋ ಅಂದರು. ಆರತಿಯ ತಟ್ಟೆ ಹಿಡಿದವರು ಹಿಡಿದಲ್ಲೇ ನಿಂತರು. ಗೋಣೆಪ್ಪ ಸೀಳಿದ ಅಂಗಿಯನ್ನು ಎತ್ತಿಕೊಂಡು ತಲೆ ತಗ್ಗಿಸಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಅವ್ವನಿಗೆ ಹೇಗೆ ಹೇಳುವುದು ಎಂಬುದೊಂದೇ ತಲೆಯಲ್ಲಿ ತಿರುಗುತ್ತಿತ್ತು.

ರೇಣುಕವ್ವ ತೊಡೆಯ ಮೇಲಿನ ಸೀರೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು. ಒಣಗಿತ್ತು.

"ಆರತಿತನಾ ಅಂಗಿ ನಿಲ್ಲಲಿಲ್ಲ" ಅಂದಳು.

"ಇಲ್ರಿ ಅವ್ವಾರ."

"ನಿಂತಿದ್ರ ನನ್ನ ಸೀರಿ ಉಳೀತಿದ್ದಿಲ್ಲ. ನಾನು ಎರಡ ವರ್ಷ ಕಲಿಸಿದ್ದೂ ಉಳೀತಿದ್ದಿಲ್ಲ." ಆಮೇಲೆ ಸೆರಗನ್ನು ಎರಡು ಬೆರಳಲ್ಲಿ ಹಿಡಿದು, ಬೆಳಕಿಗೆ ಎತ್ತದೆ, ಸರಿಪಡಿಸಿಕೊಂಡಳು. "ಹುಡುಗನ್ನ ತೊಳದ ಕರಕೊಂಡ ಬರ್ರಿ. ಬತ್ತಲಿದ್ರೂ ಆರತಿ ಆರತಿನ."

ಕಳಕಪ್ಪ ಬಂದವನೇ ನೆಟ್ಟಗೆ ಮಾವನ ತೊಡೆ ಏರಿ ಕೂತ. ದೀಪ ಮೂರು ಸುತ್ತು ಬಂತು. ರೇಣುಕವ್ವ ಮೊಮ್ಮಗನ ಹಣೆಗೆ ಕುಂಕುಮ ಹಚ್ಚುತ್ತ, ಗೋಣೆಪ್ಪನ ಕಡೆ ನೋಡದೆಯೇ ಕೇಳಿದಳು.

"ಪಂಚಮಿಗೆ ಗಾಡಿ ಯಾವಾಗ ತರ್ತಿ?"

ಯಾವಾಗಲೂ ಮುಂದಿರುವ ಗೋಣೆಪ್ಪನ ಬಾಯಿ ತೆರೆಯುವುದರೊಳಗೆ, ಎರಡು ವರ್ಷದಲ್ಲಿ ಅತ್ತೆಯ ಮುಂದೆ ಒಂದು ದಿನವೂ ತಾನಾಗಿ ಬಾಯಿ ತೆರೆಯದ ಗೌರವ್ವ ಚೊಂಬು ಕೈಯಲ್ಲಿ ಹಿಡಿದುಕೊಂಡೇ ಬಾಗಿಲ ಮರೆಯಿಂದ ಈಚೆ ಬಂದು ನಿಂತಳು.

"ಚೌತಿ ದಿನ ಮುಂಜಾನೆ ಎದ್ದಕೂಡ್ಲೆ ತರ್ತಾನ್ರಿ, ಅತ್ತಿ."