ಗೋಡೆಯ ಕಡೆಗೆ ಬೆನ್ನು

ಹನ್ನೆರಡು ಸಾವಿರದ ಮೇಲೆ ಒಂದು ರೂಪಾಯಿಯೂ ಇಲ್ಲ ಎಂದು ಸಿಂಧುಜಾ ಅಂಗಡಿಯ ಮೆಟ್ಟಿಲಲ್ಲೇ ಹೇಳಿಬಿಟ್ಟಳು. ತನ್ನ ಪಾಲಿನ ಚಹಾ ತೋಟದ ಎಲೆಯನ್ನು ತಾನೇ ಕಿತ್ತು ಮಾರಿ ಕೂಡಿಟ್ಟ ದುಡ್ಡು ಅದು. ಅಂಗಡಿಯ ಗಿರಿಧರನ್ ತಲೆಯಾಡಿಸಿ, ಸೊಂಟದೆತ್ತರದ ಜೋಡಿ ಸ್ಪೀಕರುಗಳ ಗುಂಡಿ ಒತ್ತಿದ. ಅವುಗಳ ಮೈಮೇಲೆ ನೀಲಿ, ಕೆಂಪು ದೀಪಗಳು ಕುಣಿದವು. ಶೋಕೇಸಿನ ಗಾಜು ಗಡಗಡ ಅದುರಿತು.

"ಇದನ್ನೇ ತಕ್ಕೋ," ಎಂದ ಸುಧಾಕರನ್. ಅವನು ಅವಳ ಗಂಡನ ಅಣ್ಣ. ಒಬ್ಬಳೇ ಊಟಿಗೆ ಹೋದರೆ ಹಟ್ಟಿಯವರು ಏನಂದಾರು ಎಂದು ತಾನೂ ಬಸ್ಸು ಹತ್ತಿದ್ದ. "ಬೇಡ ಅಂದ್ರ ಕೇಳೋವಳಲ್ಲ ನೀ. ಇದಾದ್ರ ಹಟ್ಟಿ ಹಬ್ಬಕ್ಕಾದ್ರೂ ಆಗ್ತದ."

"ಹಬ್ಬಕ್ಕಲ್ಲ ಭಾವ. ಎನಗ."

ಅವಳು ಗಿರಿಧರನ್ ಕಡೆ ತಿರುಗಿದಳು. "ಈ ದೀಪಗಳಿಗ ಎಷ್ಟು ದುಡ್ಡು ಹಿಡ್ದೀರಿ ಅಣ್ಣ?"

"ದೀಪ ಫ್ರೀ ಅಕ್ಕಾ!"

"ಹಂಗಾದ್ರ ಅದನ್ನ ಬಿಚ್ಚಿ ನೀವೇ ಇಟ್ಕೊಳ್ಳಿ. ಆ ಮೇಲಿನ ಪುಟ್ಟವು ಇಳಿಸಿ."

ಮೇಲಿನ ಹಲಗೆಯಲ್ಲಿ ಧೂಳು ಹಿಡಿದು ಕೂತಿದ್ದ ಎರಡು ಮರದ ಪೆಟ್ಟಿಗೆಗಳನ್ನು ಗಿರಿಧರನ್ ಒಲ್ಲದ ಮನಸ್ಸಿನಿಂದ ಇಳಿಸಿದ. ಎರಡೂ ಜೋಡಿಗಳಲ್ಲಿ ಒಂದೇ ಹಾಡು ಹಾಕಿಸಿದಳು. "ಸಣ್ಣ ಮಾಡಿ. ಇನ್ನೂ ಸಣ್ಣ." ಸದ್ದು ಇಳಿದಂತೆ ದೊಡ್ಡವುಗಳಲ್ಲಿ ಬರೀ ದುಂ ದುಂ ಉಳಿಯಿತು. ಪುಟ್ಟವುಗಳಲ್ಲಿ ಹಾಡುವವಳು ಸಾಲಿಗೆ ಮೊದಲು ಎಳೆದುಕೊಂಡ ಉಸಿರು ಕೂಡ ಕೇಳಿಸಿತು. ಗಂಡ ತೀರಿಹೋದ ಮೇಲೆ ಎಂಟು ತಿಂಗಳಿಂದ ಬಿಸಿನೀರೂ ತಣ್ಣೀರೂ ಒಂದೇ ಆಗಿಹೋಗಿದ್ದ ಅವಳ ತೋಳಿನ ಮೇಲೆ ರೋಮ ಎದ್ದು ನಿಂತಿತು. ಅವಳು ಸೆರಗು ಎಳೆದುಕೊಂಡಳು.

ಹೆಚ್ಚು ಪಾಲು ದುಡ್ಡು ಸ್ಪೀಕರಿಗೇ ಹೋಯಿತು. ಹೊಸ ಆಂಪ್ಲಿಫೈಯರ್ ಕೈಗೆಟುಕಲಿಲ್ಲ. ಯಾರೋ ಮಾರಿಹೋಗಿದ್ದ ಹಳೆಯದೊಂದಿತ್ತು. ರಿಮೋಟ್ ಇಲ್ಲ, ದನಿ ಏರಿಸುವ ತಿರುಗಣೆ ಕರಕರ ಅನ್ನುತ್ತಿತ್ತು. ಫೋನಿನಿಂದ ಒಂದು ವೈರು ಚುಚ್ಚಿದರೆ ಹಾಡುತ್ತದೆ. ಅಷ್ಟು ಸಾಕು ಎಂದಳು.

ಸುಧಾಕರನ್ ದನಿ ತಗ್ಗಿಸಿದ. "ವರ್ಷ ತುಂಬಲಿಲ್ಲೆ. ಸಾವಾದ ಮನೇಲಿ ಹಾಡು ಹಾಕಿದ್ರ ಹಟ್ಟಿ ಮುಂದೆ ಎನ್ನ ಮುಖ ಎಲ್ಲಿಡಲಿ?"

"ಅವರನ್ನ ಎತ್ತುವ ದಿನ ವಾದ್ಯ ಕರೆಸಿದ್ದು ಯಾರು ಭಾವ? ಅವರ ಸುತ್ತ ಮೊದಲು ಕುಣಿದದ್ದು ನೀವೇ."

"ಅದು ನಮ್ಮ ಪದ್ಧತಿ! ಅವನಿಗ ಮರ್ಯಾದಿ."

"ಇದು ಎನಗ ಮರ್ಯಾದಿ."

ಗಿರಿಧರನ್ ತಲೆಯೆತ್ತದೆ ವೈರು ಸುತ್ತುತ್ತಿದ್ದ. ಅವನೂ ಬೆಟ್ಟದ ಕಟ್ಟಬೆಟ್ಟು ಊರಿನವನಾದ್ದರಿಂದ ಹಟ್ಟಿಯ ಮನೆಗಳು ಹೇಗಿರುತ್ತವೆಂದು ಗೊತ್ತು. "ಸಾಲುಮನೆ ತಾನೇ ಅಕ್ಕಾ? ಗೋಡೆಯಿಂದ ಒಂದು ಮೊಳ ಈಚೆಗ ಇಡಿ. ಬೆನ್ನು ಗೋಡೆಗ ಅಂಟಿದ್ರ ಗುಮ್ಮನ್ನೋ ಸದ್ದು ಪೂರಾ ಪಕ್ಕದ ಮನೆಗ ಹೋಗ್ತದ."

"ಕೇಳಿದಿಯಾ?" ಎಂದ ಸುಧಾಕರನ್. ಪಕ್ಕದ ಮನೆ ಅವನದೇ.

ಸಂಜೆ ಹಟ್ಟಿಗೆ ಮಂಜು ಇಳಿದಿತ್ತು. ಒಂದೇ ಸೂರಿನ ಕೆಳಗೆ ಸಾಲಾಗಿ ನಿಂತ ಮನೆಗಳಲ್ಲಿ ಒಬ್ಬರ ಕೆಮ್ಮು ಇನ್ನೊಬ್ಬರಿಗೆ ಕೇಳುತ್ತದೆ. ಸಿಂಧುಜಾ ಎರಡು ಸ್ಟೂಲು ತಂದು, ಗೋಡೆಯಿಂದ ಮೊಳ ಬಿಟ್ಟು, ಸ್ಪೀಕರುಗಳನ್ನು ಕೂರಿಸಿದಳು. ಪಕ್ಕದವರಿಗೆ ತೊಂದರೆಯಾಗಬಾರದೆಂದು ಸಣ್ಣಗೇ ಇಟ್ಟಳು. ಮಧ್ಯದಲ್ಲಿ ನೆಲದ ಮೇಲೆ ಕೂತಳು. ಮೊದಲ ಹಾಡನ್ನು ಕಡೆಯತನಕ ಕೇಳಿದಳು. ಹಾಗೆ ಕೇಳಿ ಎಷ್ಟೋ ಕಾಲವಾಗಿತ್ತು.

ಎರಡನೆಯ ಹಾಡು ಶುರುವಾಗುತ್ತಿದ್ದಂತೆ ಸುಧಾಕರನ್ ಆಚೆಯಿಂದ ಅದೇ ಗೋಡೆ ಬಡಿದ ಸದ್ದು.

"ಸಿಂಧೂ! ಕಮ್ಮಿ ಮಾಡು! ಜನ ಕೇಳಿಸ್ಕೋತಾರ!"

ಹಾಡಿಗಿಂತ ಅವನ ಕೂಗೇ ಜೋರಾಗಿತ್ತು. ಅವಳು ಎದ್ದು ತಿರುಗಣೆಯ ಮೇಲೆ ಬೆರಳಿಟ್ಟಳು. ಮತ್ತೆ ಬಡಿತ. ಈ ಸಲ ಮುಷ್ಟಿಯಲ್ಲಿ.

ಅವಳು ಬೆರಳು ತೆಗೆದಳು. ಒಂದು ಸ್ಟೂಲನ್ನು ಹಿಡಿದು, ಸ್ಪೀಕರಿನ ಬೆನ್ನು ಗೋಡೆಗೆ ತಾಗುವವರೆಗೂ ತಳ್ಳಿದಳು. ಇನ್ನೊಂದನ್ನೂ ತಳ್ಳಿದಳು. ಆಮೇಲೆ ತಿರುಗಣೆಯನ್ನು ಬಲಕ್ಕೆ ತಿರುವಿದಳು. ಅದು ಕರಕರ ಎಂದು, ತಿಳಿಯಾಗಿ, ದನಿ ಬಿಟ್ಟಿತು. ಆಚೆ ಮನೆಯ ಹಲಗೆಯ ಮೇಲೆ ತಟ್ಟೆಗಳು ಝಣಝಣ ನಡುಗಿದವು.

ಗೋಡೆ ಬಡಿಯುವುದು ನಿಂತಿತೋ, ಬಡಿದದ್ದು ಕೇಳಿಸಲಿಲ್ಲವೋ, ಅವಳು ತಿಳಿಯಲು ಹೋಗಲಿಲ್ಲ.